‘ಹೀ’ ಮತ್ತು ‘ದೇ’: ಒಂದು ಕೆಂಪು ಗೆರೆಯ ಕಥೆ

ಪಣಂಬೂರಿನ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ಬಂದರಿಗಾಗಿ ಭೂಮಿ ಬಿಟ್ಟುಕೊಟ್ಟ ಅನೇಕ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿದವು. ಅಂಥ ಮನೆಗಳ ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸುತ್ತಿದ್ದೆ.

ಒಮ್ಮೆ ‘ನನ್ನ ತಂದೆ’ ಎಂಬ ಪ್ರಬಂಧದಲ್ಲಿ ಒಬ್ಬ ಹುಡುಗ, ‘ಮೈ ಫಾದರ್ ಈಸ್ ನೋ ಮೋರ್. ದೇ ಹ್ಯಾಡ್ ಲ್ಯಾಂಡ್ ಇನ್ ಪಣಂಬೂರ್’ ಎಂದು ಬರೆದಿದ್ದ. ನಾನು ‘ದೇ’ಗೆ ಕೆಂಪು ಗೆರೆ ಎಳೆದು, “ನಿನಗೆ ತಂದೆಯರು ಎಷ್ಟು ಮಂದಿ?” ಎಂದು ಕೇಳಿದೆ. ತರಗತಿ ನಕ್ಕಿತು. ಹುಡುಗ ತಲೆತಗ್ಗಿಸಿ, “ಅಪ್ಪನನ್ನು ‘ಅವನು’ ಎಂದು ಹೇಗೆ ಬರೆಯಲಿ ಸಾರ್?” ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಆತನ ಮನೆಮಾತು ತುಳು. ಅಲ್ಲಿ ಸಮಾನನಿಗೆ ‘ಆಯೆ’, ಹಿರಿಯರಿಗೆ ‘ಆರ್’. ಎದುರಿನವನು ‘ಈ’, ಹಿರಿಯರಾದರೆ ‘ಈರ್’. ಕನ್ನಡದ ಅವನು–ಅವರು, ನೀನು–ನೀವುಗಳೂ ಹಾಗೆಯೇ. ಹುಡುಗ ವಚನದಲ್ಲಿ ತಪ್ಪಿರಲಿಲ್ಲ, ಗೌರವವನ್ನು ಅನುವಾದಿಸಿದ್ದ.

ಇಂಗ್ಲಿಷರೂ ಒಂದು ಕಾಲಕ್ಕೆ ಇದೇ ದಾರಿಯಲ್ಲಿ ನಡೆದವರೇ. ಅವರ ‘ಯೂ’ ಮೂಲದಲ್ಲಿ ಬಹುವಚನ, ‘ದೌ’ ಏಕವಚನ. 13ನೆಯ ಶತಮಾನದಿಂದೀಚೆಗೆ, ಫ್ರೆಂಚರ ಪ್ರಭಾವದಿಂದ, ದೊಡ್ಡವರೊಬ್ಬರನ್ನೇ ಬಹುವಚನದಲ್ಲಿ ಸಂಬೋಧಿಸುವ ರೂಢಿ ಬೆಳೆಯಿತು. 17ನೆಯ ಶತಮಾನದಲ್ಲಿ ಕ್ವೇಕರರು ಮನುಷ್ಯರೆಲ್ಲ ಸಮಾನರೆಂದು ನ್ಯಾಯಾಧೀಶರನ್ನೂ ‘ದೌ’ ಎಂದೇ ಕರೆದು ಅಧಿಕಾರಿಗಳ ಕೋಪಕ್ಕೆ ಗುರಿಯಾದರು. ಕಡೆಗೆ ಸಮಾನತೆ ಬಂದದ್ದು ಬೇರೆ ಬಾಗಿಲಿನಿಂದ: ‘ದೌ’ ದಿನಬಳಕೆಯಿಂದ ಮರೆಯಾಗಿ, ಎಲ್ಲರಿಗೂ ‘ಯೂ’ ಎಂಬ ಬಹುವಚನವೇ ಉಳಿಯಿತು. ಹಳೆಯ ಪದ ಮುಖ್ಯವಾಗಿ ಪ್ರಾರ್ಥನೆಗಳಲ್ಲಿ, ದೇವರಿಗೆ ಮೀಸಲಾಯಿತು. ನಾವೂ ದೇವರನ್ನು ‘ನೀನು’ ಎಂದೇ ಕರೆಯುತ್ತೇವಲ್ಲವೇ?

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಈ ಭೇದ ಹೊಸತಾಗಿರಲಾರದು. 1872ರಲ್ಲಿ ಇಲ್ಲಿಯೇ ಬ್ರಿಗೆಲ್ ಅವರ ತುಳು ವ್ಯಾಕರಣ ಅಚ್ಚಾಯಿತು. ಅವರಲ್ಲಿ ಹಲವರು ಆಡುತ್ತಿದ್ದ ಜರ್ಮನ್ ಭಾಷೆಯಲ್ಲಿ ಗೌರವದ ‘ನೀವು’ ಎಂಬುದು ‘ಅವರು’ ಎಂಬರ್ಥದ ‘ಜೀ’ ಪದವೇ! ಒಬ್ಬ ವ್ಯಕ್ತಿಯನ್ನು ‘ದೇ’ ಎನ್ನುವುದು ಇಂಗ್ಲಿಷಿನಲ್ಲೂ 14ನೆಯ ಶತಮಾನದಿಂದ ಉಂಟು. ಆದರೆ ಅದು ಗಂಡೋ ಹೆಣ್ಣೋ ಎಂದು ಹೇಳಲಾಗದ, ಹೇಳಬೇಕಿಲ್ಲದ ಕಡೆ, ಗೌರವಕ್ಕಾಗಿ ಅಲ್ಲ.

ಆದ್ದರಿಂದ ಆ ವಾಕ್ಯದಲ್ಲಿ ‘ಹೀ’ ಎಂಬುದೇ ಸರಿ. ಇಂದು ತಿದ್ದಿದರೂ ಹಾಗೆಯೇ ತಿದ್ದುವೆ. ಆದರೆ ಇಷ್ಟು ಹೇಳುವೆ: “ಮಗೂ, ಇಂಗ್ಲಿಷಿನಲ್ಲಿ ರಾಜನೂ ‘ಹೀ’, ಕೂಲಿಯವನೂ ‘ಹೀ’. ಆ ಪದ ನಿನ್ನ ಅಪ್ಪನನ್ನು ಸಣ್ಣವರನ್ನಾಗಿ ಮಾಡುವುದಿಲ್ಲ.” ಭೂಮಿಯನ್ನೂ ತಂದೆಯನ್ನೂ ಕಳೆದುಕೊಂಡ ಹುಡುಗ ಆ ಪದದಲ್ಲಿ ತನ್ನಲ್ಲುಳಿದಿದ್ದ ಮರ್ಯಾದೆಯನ್ನು ತಂದೆಗೆ ಸಲ್ಲಿಸಿದ್ದ. ಅದಕ್ಕೆ ನಗು ತರಿಸಿದವನು ನಾನು.

ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವನಿಗೆ ಈ ಮಾತು ತಲುಪಿಸಿ. ಈಗ ‘ಅವನು’ ಎಂದರೂ ತಪ್ಪಾದೀತು, ಅವರಿಗೆ ತಲುಪಿಸಿ.