ಶುಶ್ರೂಷಕಿಯಿಂದ ಸೂಲಗಿತ್ತಿ: ಒಂದು ಕಾಯಕದ ದಾರಿ

ಕುಬುಸ ಮಾಡಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳ ಪಕ್ಕದಲ್ಲಿ ಒಂದು ಕಾಲಕ್ಕೆ ಊರಿನ ಸೂಲಗಿತ್ತಿ ಕೂರುತ್ತಿದ್ದಳು. ಮಳೆಗಾಲದಲ್ಲಿ ಎರೆಮಣ್ಣಿನ ಹಾದಿಗಳು ಕೆಸರಾಗಿ ಚಕ್ಕಡಿ ಹೂತು ನಿಲ್ಲುತ್ತಿದ್ದ ನಮ್ಮ ಸೀಮೆಯಲ್ಲಿ ಆಕೆಯೇ ಆಸರೆ. ಇಂದು ಶಲವಡಿ ಹಾಗೂ ಸುತ್ತಲಿನ ಊರುಗಳಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳು ನರ್ಸಿಂಗ್ ಕಡೆ ಒಲವು ತೋರುತ್ತಿದ್ದಾರೆ. ಅದೇ ದಾರಿಯಲ್ಲಿ ಇನ್ನೂ ಒಂದು ಮೆಟ್ಟಿಲಿದೆ ಎಂಬುದನ್ನು ಸದ್ಭಕ್ತರ ಗಮನಕ್ಕೆ ತರಲು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾಡು ಕಂಡ ಸೂಲಗಿತ್ತಿ

ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಈ ವಿದ್ಯೆಯನ್ನು ಕಲಿತದ್ದು ತಮ್ಮ ಅಜ್ಜಿಯಿಂದ. ಸುಮಾರು 70 ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಅವರು ಪ್ರತಿಫಲ ಬಯಸದೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು; 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ಲಿಂಗೈಕ್ಯರಾದಂತೆ ನಾಡು ದುಃಖಿಸಿತು. ಅನುಭವದ ಆ ಪರಂಪರೆ ಮುಗಿಯುತ್ತಿದ್ದ ದಿನಗಳಲ್ಲೇ, 2018ರ ಡಿಸೆಂಬರ್‌ನಲ್ಲಿ, ಕೇಂದ್ರ ಸರಕಾರವು ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿಯನ್ನು ಹೊರತಂದಿತು.

ಕಲಿಕೆಯ ಮೆಟ್ಟಿಲುಗಳು

ಪಿಯುಸಿ ನಂತರ 3 ವರ್ಷಗಳ ಜಿಎನ್‌ಎಂ ಅಥವಾ 4 ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಓದಬೇಕು. ಬಿ.ಎಸ್‌ಸಿ.ಗೆ ವಿಜ್ಞಾನ ವಿಷಯ ಕಡ್ಡಾಯ. ಎರಡರಲ್ಲೂ ಹೆರಿಗೆಯ ಪಾಠ ಸೇರಿದೆ. ಮುಗಿಸಿದವರು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಾಯಿಸಿಕೊಳ್ಳುತ್ತಾರೆ. ಹೆರಿಗೆ ವಿಭಾಗದಲ್ಲಿ ಅನುಭವ ಪಡೆದ ಮೇಲೆ 18 ತಿಂಗಳ ವಿಶೇಷ ತರಬೇತಿ ಪಡೆಯಬಹುದು. ಅದನ್ನು ಪೂರೈಸಿದವರೇ 'ನರ್ಸ್ ಪ್ರ್ಯಾಕ್ಟಿಷನರ್ ಇನ್ ಮಿಡ್‌ವೈಫರಿ'. ಎಎನ್‌ಎಂ ಮಾತ್ರ ಓದಿದವರು ಮೊದಲು ಜಿಎನ್‌ಎಂ ಪೂರೈಸಬೇಕಾಗುತ್ತದೆ.

ಮತ್ತೇಕೆ ಕಲಿಯಬೇಕು?

ನರ್ಸ್ ಆದವಳಿಗೆ ಹೆರಿಗೆ ಗೊತ್ತಿಲ್ಲವೇ ಎಂದು ಪಾಲಕರು ಕೇಳುವುದುಂಟು. ಗೊತ್ತಿದೆ. ಆದರೆ ನರ್ಸ್ ಬಹುಪಾಲು ಆರೈಕೆ ಮಾಡುವುದು ರೋಗಿಗೆ, ಬಸುರಿ ರೋಗಿಯಲ್ಲ. ಆಕೆಗೆ ಬೇಕಾದದ್ದು ಧೈರ್ಯ, ಸಮಯ, ಎಚ್ಚರದ ಕಣ್ಣು. ನಡೆದಾಡಲು, ತನಗೆ ಅನುಕೂಲವಾದ ಭಂಗಿಯಲ್ಲಿರಲು ಬಿಡುವುದು, ತಾಯಿಯನ್ನೋ ಅಕ್ಕನನ್ನೋ ಜೊತೆಗಿರಿಸುವುದು, ನೋವಿನ ಗತಿಯನ್ನು ಗಂಟೆಗಂಟೆಗೆ ದಾಖಲಿಸುವುದು, ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಕುಡಿಸುವುದು ಆಕೆಯ ಕೆಲಸ.

ಕಾಯುವುದೆಷ್ಟು ಮುಖ್ಯವೋ ಕಾಯಬಾರದ ಗಳಿಗೆಯನ್ನು ಅರಿಯುವುದೂ ಅಷ್ಟೇ ಮುಖ್ಯ. ವಿಪರೀತ ರಕ್ತಸ್ರಾವ, ಏರಿದ ರಕ್ತದೊತ್ತಡ, ಮಗುವಿನ ಎದೆಬಡಿತದ ಏರುಪೇರು ಕಂಡೊಡನೆ ತುರ್ತು ಆರೈಕೆ ಆರಂಭಿಸಿ ವೈದ್ಯರಿಗೆ ಒಪ್ಪಿಸಬೇಕು. ಶಸ್ತ್ರಚಿಕಿತ್ಸೆ ಆಕೆಯ ಕೆಲಸವಲ್ಲ. ಮನೆಯಲ್ಲೇ ಹೆರಿಗೆಯಾಗಲಿ ಎಂಬುದೂ ಇದರ ಉದ್ದೇಶವಲ್ಲ. ಆಸ್ಪತ್ರೆಯೊಳಗೇ ಸೂಲಗಿತ್ತಿಯ ಸಹನೆ ಮರಳಿ ಬರಲಿ ಎಂಬುದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಾಗುತ್ತಿವೆ. ಇದು ದೊಡ್ಡ ಸಾಧನೆ. ಆದರೆ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದ ಆಗಿವೆ. ಅಗತ್ಯವಿದ್ದಾಗ ಅದು ಜೀವ ಉಳಿಸುತ್ತದೆ. ಅಗತ್ಯವಿಲ್ಲದಿದ್ದಾಗ ತಾಯಿಯ ದೇಹಕ್ಕೂ ಬಡ ಕುಟುಂಬಕ್ಕೂ ಹೊರೆ. ಸಹಜ ಹೆರಿಗೆಗೆ ಜೊತೆಗಿದ್ದು ಕಾಯುವ ನುರಿತ ಕೈಗಳು ಹೆಚ್ಚಬೇಕಾದದ್ದು ಇದಕ್ಕಾಗಿಯೇ.

ಸೂತಕವಿಲ್ಲದ ಕಾಯಕ

ಜೀವ ಉಳಿಸಿದ ಸೂಲಗಿತ್ತಿಯನ್ನು, ಹೆರಿಗೆ ಮುಗಿದೊಡನೆ ಮೈಲಿಗೆಯೆಂದು ಹೊಸ್ತಿಲಾಚೆ ನಿಲ್ಲಿಸಿದ ಸಮಾಜ ನಮ್ಮದು. ಶರಣರು ಜನನ ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ನಿರಾಕರಿಸಿದರು. ಆದರೂ ಮಗಳು ಹೆರಿಗೆ ಕೋಣೆಯ ಕೆಲಸಕ್ಕೆ ಹೋಗುತ್ತೇನೆಂದಾಗ ಮುಖ ಸಿಂಡರಿಸುವವರು ನಮ್ಮ ನಡುವೆ ಇಂದಿಗೂ ಇದ್ದಾರೆ. ರಾತ್ರಿ ಪಾಳಿಯ ನೆಪ, ಸಂಬಂಧ ಕೂಡಿಬರದೆಂಬ ಅಂಜಿಕೆ ಮುಂದೆ ಬರುತ್ತವೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯಲ್ಲಿ ನುಡಿದು ಮನೆಯಲ್ಲಿ ಮರೆತರೆ ಆ ನುಡಿಗೆ ಬೆಲೆಯಿಲ್ಲ.

ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಕಾಲೇಜಿಗೆ ಸೇರಿಸುವ ಮುನ್ನ ಅದಕ್ಕೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿರಿ. ಈಗಾಗಲೇ ನರ್ಸ್ ಆಗಿರುವ ಮಗಳು, ಸೊಸೆ ಮುಂದೆ ಕಲಿಯಬಯಸಿದರೆ ಆ 18 ತಿಂಗಳು ಮನೆಯ ಭಾರವನ್ನು ನೀವು ಹಂಚಿಕೊಳ್ಳಿರಿ. ನಾಳೆ ನಮ್ಮೂರಿನ ಮಗುವನ್ನು ಮೊದಲು ಎತ್ತಿಕೊಳ್ಳುವ ಕೈ ಆಕೆಯದೇ ಆಗಬಹುದು.