ಓದಿದವರು ಬಡವರ ಕೇರಿಗೆ ಬಂದಾಗ

ಹಳೆಯ ವಿದ್ಯಾರ್ಥಿಗಳ ಸಂಘ ಎಂದೊಡನೆ ಕಣ್ಣಮುಂದೆ ಬರುವುದು ವರ್ಷಕ್ಕೊಮ್ಮೆ ನಡೆಯುವ ಸಭೆ. ನಿವೃತ್ತ ಗುರುಗಳಿಗೆ ಶಾಲು, ಹಾರ. ಒಂದಿಷ್ಟು ಹಳೆಯ ನೆನಪು, ಕೊನೆಗೆ ಊಟ. ಉತ್ಸಾಹವಿದ್ದರೆ ಕಾಲೇಜಿಗೊಂದು ಕೊಠಡಿ, ಬಡ ವಿದ್ಯಾರ್ಥಿಗಳಿಗೊಂದು ದತ್ತಿನಿಧಿ, ರಕ್ತದಾನ ಶಿಬಿರ. ಓದಿಸಿದ ಸಂಸ್ಥೆಯ ಋಣ ತೀರಿಸುವುದು ಇವುಗಳ ಹಿಂದಿನ ಭಾವನೆ. ಆದರೆ ಓದಿದವರು ತೀರಿಸಬೇಕಾದ ಋಣ ಕಾಲೇಜಿನದಷ್ಟೇ ಅಲ್ಲ, ಕಾಲೇಜಿನ ಬಾಗಿಲನ್ನೇ ಕಾಣದವರದೂ ಹೌದು ಎಂಬ ವಿಚಾರ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಂದು ಸಂಘಟಿತ ಚಳವಳಿಯ ರೂಪ ತಾಳಿತ್ತು. ಅದು ಹುಟ್ಟಿದ್ದು ಲಂಡನ್ನಿನ ಪೂರ್ವಭಾಗದ ಬಡಕೇರಿಗಳಲ್ಲಿ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟನ್ ಜಗತ್ತಿನ ಅತ್ಯಂತ ಸಿರಿವಂತ ದೇಶಗಳಲ್ಲಿ ಒಂದು. ಅದರ ರಾಜಧಾನಿಯ ಪೂರ್ವಕ್ಕಿದ್ದ ವೈಟ್‌ಚಾಪೆಲ್, ಸ್ಟೆಪ್ನಿ ಮುಂತಾದ ಕೇರಿಗಳ ಸ್ಥಿತಿಯೇ ಬೇರೆ. ಬಂದರಿನ ಕೂಲಿಗಳು, ಐರಿಷ್ ವಲಸೆಗಾರರು, 1881ರ ನಂತರ ರಷ್ಯಾದಿಂದ ಓಡಿಬಂದ ಯಹೂದಿಗಳು ಇಲ್ಲಿ ಇಕ್ಕಟ್ಟಾದ ಮನೆಗಳಲ್ಲಿ ಬದುಕುತ್ತಿದ್ದರು. ಬಂದರಿನ ಕೆಲಸವೆಂದರೆ ದಿನಗೂಲಿ. ಹಡಗು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 1873ರಲ್ಲಿ ವೈಟ್‌ಚಾಪೆಲ್‌ನ ಸೇಂಟ್ ಜೂಡ್ಸ್ ಚರ್ಚಿಗೆ ಪಾದ್ರಿಯಾಗಿ ಬಂದ ಸ್ಯಾಮ್ಯುಯೆಲ್ ಬಾರ್ನೆಟ್‌ಗೆ ಅಲ್ಲಿನ ಬಿಷಪ್ಪರು, ತಮ್ಮ ಅಧಿಕಾರ ವ್ಯಾಪ್ತಿಯಲ್ಲೇ ಅತಿ ಕೆಟ್ಟ ಪ್ರದೇಶ ಇದು ಎಂದು ಮೊದಲೇ ಎಚ್ಚರಿಸಿದ್ದರಂತೆ. ಬಾರ್ನೆಟ್ ಮತ್ತು ಪತ್ನಿ ಹೆನ್ರಿಯೆಟ್ಟಾ ಅಲ್ಲಿಯೇ ಮನೆ ಮಾಡಿದರು.

ದಾನವಲ್ಲ, ನ್ಯಾಯ

ಬಾರ್ನೆಟ್ ದಂಪತಿಗಳ ಮನೆಗೆ ಆಕ್ಸ್‌ಫರ್ಡಿನ ತರುಣರು ಬಂದುಹೋಗುತ್ತಿದ್ದರು. ಅವರಲ್ಲಿ ಒಬ್ಬ ಆರ್ನಲ್ಡ್ ಟಾಯ್ನ್‌ಬಿ. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸುತ್ತಿದ್ದ ಈತ ನೀಡಿದ ಉಪನ್ಯಾಸಗಳಿಂದಲೇ ‘ಕೈಗಾರಿಕಾ ಕ್ರಾಂತಿ’ ಎಂಬ ಮಾತು ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು. 1883ರ ಜನವರಿಯಲ್ಲಿ ಲಂಡನ್ನಿನ ಶ್ರಮಿಕರ ಮುಂದೆ ಮಾತನಾಡುತ್ತ ಆತ ಅಪರೂಪದ ಕೆಲಸವೊಂದನ್ನು ಮಾಡಿದ. ತನ್ನಂತಹ ಮಧ್ಯಮವರ್ಗದವರ ಪರವಾಗಿ ಅವರ ಕ್ಷಮೆ ಕೇಳಿದ. ನ್ಯಾಯ ಕೊಡಬೇಕಾದಲ್ಲಿ ತಾವು ದಾನ ಕೊಟ್ಟೆವು ಎಂಬುದು ಆತನ ತಪ್ಪೊಪ್ಪಿಗೆಯ ತಿರುಳು. ಮೊದಲೇ ಕ್ಷೀಣಿಸಿದ್ದ ಆರೋಗ್ಯ ಮತ್ತೆ ಚೇತರಿಸಲಿಲ್ಲ. ಅದೇ ಮಾರ್ಚಿಯಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ.

ಅದೇ ವರ್ಷದ ನವೆಂಬರಿನಲ್ಲಿ ಬಾರ್ನೆಟ್ ಆಕ್ಸ್‌ಫರ್ಡಿನಲ್ಲಿ ಒಂದು ಪ್ರಬಂಧ ಓದಿದರು. ಬಡವರಿಗೆ ಹಣ ಕಳಿಸುವುದು ಸುಲಭ. ವಾರಕ್ಕೊಮ್ಮೆ ಬಂದು ಉಪದೇಶ ಮಾಡುವುದೂ ಸುಲಭ. ಆದರೆ ನೆರೆಹೊರೆಯವರಾಗದೆ ಪರಸ್ಪರ ಅರಿವು ಹುಟ್ಟದು. ಆದ್ದರಿಂದ ಪದವಿ ಪಡೆದ ತರುಣರು ಬಡಕೇರಿಯಲ್ಲೇ ಬಂದು ನೆಲೆಸಬೇಕು ಎಂಬುದು ಅವರ ಸಲಹೆ. ಹೀಗೆ ನೆಲೆಸುವುದಕ್ಕೆ ಇಟ್ಟ ಹೆಸರು ‘ಸೆಟ್ಲಮೆಂಟು’. ಹುಬ್ಬಳ್ಳಿಯ ಕಡೆಯವರಿಗೆ ಈ ಪದ ಬೇರೆಯದೇ ನೆನಪು ತರಬಹುದು. ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಹಚ್ಚಿ ಬ್ರಿಟಿಷರು ಬಡ ಸಮುದಾಯಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಸ್ಥಳಕ್ಕೂ ಇದೇ ಹೆಸರು. ಪದ ಒಂದೇ, ಅರ್ಥ ತದ್ವಿರುದ್ಧ. ಅಲ್ಲಿ ಬಡವರನ್ನು ಬಲವಂತದಿಂದ ಇರಿಸಲಾಯಿತು. ಲಂಡನ್ನಿನಲ್ಲಿ ಅನುಕೂಲಸ್ಥರು ಇಚ್ಛೆಯಿಂದ ಹೋಗಿ ಇದ್ದರು.

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದರು. ಅಗಲಿದ ಗೆಳೆಯನ ಹೆಸರಿನಲ್ಲಿ ಟಾಯ್ನ್‌ಬಿ ಹಾಲ್ ಎದ್ದಿತು. 1884ರ ಕ್ರಿಸ್‌ಮಸ್ಸಿನ ಮುನ್ನಾದಿನ ಇಬ್ಬರು ತರುಣರು ಅಲ್ಲಿ ಮೊದಲ ರಾತ್ರಿ ಕಳೆದರು.

ಇಲ್ಲಿ ಇರಲು ಬಂದವರಿಗೆ ಸಂಬಳವಿರಲಿಲ್ಲ. ಊಟ, ವಸತಿಯ ಖರ್ಚನ್ನೂ ಅವರೇ ಕೊಡಬೇಕಿತ್ತು. ಹಗಲು ವಕೀಲಿಕೆ, ಸರ್ಕಾರಿ ನೌಕರಿ ಎಂದು ತಮ್ಮ ತಮ್ಮ ಕೆಲಸ. ಸಂಜೆ ಕೇರಿಯ ಕೆಲಸ. ದುಡಿದು ದಣಿದು ಬಂದವರಿಗೆ ಸಂಜೆ ತರಗತಿ, ಉಪನ್ಯಾಸ. ಮಕ್ಕಳಿಗೆ ಬೇಸಿಗೆಯಲ್ಲಿ ಹಳ್ಳಿಗೆ ಪ್ರವಾಸ. 1898ರಿಂದ ಉಚಿತ ಕಾನೂನು ಸಲಹೆ. ಬಾರ್ನೆಟ್ ದಂಪತಿಗಳು ಈಸ್ಟರ್ ಹಬ್ಬದಲ್ಲಿ ಏರ್ಪಡಿಸುತ್ತಿದ್ದ ಚಿತ್ರ ಪ್ರದರ್ಶನವೇ ಮುಂದೆ 1901ರಲ್ಲಿ ವೈಟ್‌ಚಾಪೆಲ್ ಕಲಾಶಾಲೆಯಾಯಿತು. 1888ರಲ್ಲಿ ಪೂರ್ವ ಲಂಡನ್ನಿನ ಬೆಂಕಿಪೊಟ್ಟಣ ಕಾರ್ಖಾನೆಯ ಹುಡುಗಿಯರು ಮುಷ್ಕರ ಹೂಡಿದಾಗ ಇಲ್ಲಿನ ನಿವಾಸಿಗಳು ವಿಚಾರಣೆ ನಡೆಸಿ, ತಾವು ಕಂಡದ್ದನ್ನು ‘ಟೈಮ್ಸ್’ ಪತ್ರಿಕೆಗೆ ಬರೆದರು. ಕೇರಿಯ ಮಾತು ಮೇಲಿನವರ ಕಿವಿಗೆ ಮುಟ್ಟುವ ಒಂದು ದಾರಿ ಹೀಗೆ ತೆರೆಯಿತು.

ಪದವಿ ಸಿಗದ ಪದವೀಧರೆಯರು

ಈ ಚಳವಳಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದವರು ಮಹಿಳೆಯರು. 1887ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ಮಹಿಳಾ ಕಾಲೇಜುಗಳಲ್ಲಿ ಓದಿದವರು ಸೇರಿ ಲಂಡನ್ನಿನ ಸದರ್ಕ್‌ನಲ್ಲಿ ತಮ್ಮದೇ ಕೇಂದ್ರ ತೆರೆದರು. ಆಗ ಆ ಎರಡೂ ವಿಶ್ವವಿದ್ಯಾನಿಲಯಗಳು ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದವೇ ಹೊರತು ಪದವಿ ಕೊಡುತ್ತಿರಲಿಲ್ಲ. ಆಕ್ಸ್‌ಫರ್ಡ್ ಕೊಟ್ಟದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ. ತಮ್ಮ ಓದಿಗೆ ಮನ್ನಣೆ ಕೊಡದ ವಿಶ್ವವಿದ್ಯಾನಿಲಯದ ಹೆಸರಿನಲ್ಲೇ ಅವರು ಸೇವೆಗೆ ಇಳಿದರು. ಒಳ್ಳೆಯ ಮನಸ್ಸಿದ್ದರೆ ಸಾಲದು, ಈ ಕೆಲಸಕ್ಕೂ ತರಬೇತಿ ಬೇಕು ಎಂದು ಮೊದಲು ಮನಗಂಡವರಲ್ಲಿ ಇವರೂ ಸೇರಿದ್ದಾರೆ. ಇಂದು ಸಮಾಜಕಾರ್ಯವೆಂಬುದು ಕಾಲೇಜಿನಲ್ಲಿ ಕಲಿಯುವ ಒಂದು ವಿಷಯವಾಗಿದ್ದರೆ ಅದರ ಒಂದು ಬೇರು ಇಲ್ಲಿದೆ.

ಅಮೆರಿಕದಿಂದ ಬಂದು ಟಾಯ್ನ್‌ಬಿ ಹಾಲ್ ನೋಡಿಹೋದ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ 1889ರಲ್ಲಿ ಶಿಕಾಗೋ ನಗರದಲ್ಲಿ ‘ಹಲ್ ಹೌಸ್’ ಆರಂಭಿಸಿದರು. ಅದೇ ವರ್ಷ ನ್ಯೂಯಾರ್ಕಿನ ರಿವಿಂಗ್ಟನ್ ಬೀದಿಯಲ್ಲಿ ಮಹಿಳಾ ಕಾಲೇಜುಗಳ ಹಳೆಯ ವಿದ್ಯಾರ್ಥಿನಿಯರು ಇನ್ನೊಂದನ್ನು ತೆರೆದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅಮೆರಿಕದಲ್ಲಿ ಇಂತಹ ಕೇಂದ್ರಗಳ ಸಂಖ್ಯೆ ನಾನೂರರ ಆಸುಪಾಸಿಗೆ ಏರಿತು. ಈ ಕೆಲಸ ಬಡವರಿಗೆ ಎಷ್ಟು ಬೇಕೋ ಓದಿದವರಿಗೂ ಅಷ್ಟೇ ಬೇಕು ಎಂದು ಜೇನ್ ಆಡಮ್ಸ್ ಮುಚ್ಚುಮರೆಯಿಲ್ಲದೆ ಹೇಳಿದರು. ಓದು ಮುಗಿಸಿ, ಕಲಿತದ್ದನ್ನು ಎಲ್ಲಿಯೂ ಬಳಸಲಾಗದೆ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳ ಸಂಕಟವನ್ನು ಅವರು ಸ್ವತಃ ಬಲ್ಲವರು. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತು.

ಬಂದವರು ಕಲಿತದ್ದೇನು?

ಹಾಗಾದರೆ ಇದರಿಂದ ನಿಜವಾಗಿ ಲಾಭವಾದದ್ದು ಯಾರಿಗೆ? ಆ ಕಾಲದಲ್ಲೂ ಈ ಪ್ರಶ್ನೆ ಎದ್ದಿತ್ತು. ಪೂರ್ವ ಲಂಡನ್ನಿನ ಕಾರ್ಮಿಕ ನಾಯಕ ಜಾರ್ಜ್ ಲ್ಯಾನ್ಸ್‌ಬರಿ ಟಾಯ್ನ್‌ಬಿ ಹಾಲ್ ಬಗ್ಗೆ ಖಾರವಾಗಿಯೇ ಬರೆದರು. ಬಡವರನ್ನು ಉದ್ಧರಿಸಲು ಬಂದ ತರುಣರು ಅಂತಿಮವಾಗಿ ಉದ್ಧರಿಸಿಕೊಂಡದ್ದು ತಮ್ಮನ್ನೇ; ಕೇರಿಯ ಅನುಭವ ಅವರಿಗೆ ದೊಡ್ಡ ಹುದ್ದೆಗೆ ಏಣಿಯಾಯಿತು ಎಂಬುದು ಅವರ ಆಕ್ಷೇಪ. ಇದರಲ್ಲಿ ಸತ್ಯವಿತ್ತು. ಕೇರಿಯವರು ಇದ್ದಲ್ಲೇ ಇದ್ದರು. ಬಂದವರಲ್ಲಿ ಅನೇಕರು ಕೆಲವು ವರ್ಷ ಇದ್ದು ಹೋದರು.

ಆದರೆ ಕೆಲವರ ವಿಷಯದಲ್ಲಿ ಕಥೆ ಅಲ್ಲಿಗೆ ಮುಗಿಯಲಿಲ್ಲ. ವಿಲಿಯಂ ಬೆವರಿಜ್ 1903ರಿಂದ 1905ರವರೆಗೆ ಟಾಯ್ನ್‌ಬಿ ಹಾಲ್‌ನ ಉಪಮೇಲ್ವಿಚಾರಕರಾಗಿದ್ದರು. ನಿರುದ್ಯೋಗ ಎಂಬುದು ಸೋಮಾರಿತನದ ಫಲವಲ್ಲ, ಉದ್ಯಮದ ವ್ಯವಸ್ಥೆಯಲ್ಲೇ ಇರುವ ದೋಷ ಎಂಬುದನ್ನು ಅವರು ಅಧ್ಯಯನದಿಂದ ತೋರಿಸಿದರು. ಇದೇ ಬೆವರಿಜ್ 1942ರಲ್ಲಿ ಬರೆದ ವರದಿ ಬ್ರಿಟನ್ನಿನ ಸಾಮಾಜಿಕ ಭದ್ರತೆಯ ನಕ್ಷೆಯಾಯಿತು.

ಇನ್ನೊಬ್ಬರು ಕ್ಲೆಮೆಂಟ್ ಆಟ್ಲಿ. ಭಾರತೀಯರಿಗೆ ಪರಿಚಿತ ಹೆಸರು. 1947ರಲ್ಲಿ ಭಾರತ ಸ್ವತಂತ್ರವಾದಾಗ ಬ್ರಿಟನ್ನಿನ ಪ್ರಧಾನಿ. ಅವರು ಓದಿದ್ದು ಹೇಲಿಬರಿ ಶಾಲೆಯಲ್ಲಿ. ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನು ತಯಾರು ಮಾಡಲು ನಡೆಸುತ್ತಿದ್ದ ಕಾಲೇಜು ಮುಚ್ಚಿದ ಮೇಲೆ ಅದೇ ಸ್ಥಳದಲ್ಲಿ 1862ರಲ್ಲಿ ಆರಂಭವಾದ ಶಾಲೆ ಅದು. ಅದರ ಹಳೆಯ ವಿದ್ಯಾರ್ಥಿಗಳ ಬೆಂಬಲದಿಂದ ಸ್ಟೆಪ್ನಿಯಲ್ಲಿ ಬಡ ಹುಡುಗರ ಕ್ಲಬ್ಬೊಂದು ನಡೆಯುತ್ತಿತ್ತು. ಆಕ್ಸ್‌ಫರ್ಡಿನಲ್ಲಿ ಪದವಿ ಪಡೆದು ವಕೀಲಿಕೆಗೆ ತಯಾರಾಗುತ್ತಿದ್ದ ಆಟ್ಲಿ 1905ರಲ್ಲಿ ಅಲ್ಲಿಗೆ ಒಮ್ಮೆ ನೋಡಿಬರಲೆಂದು ಹೋದರು. ಮತ್ತೆ ಮತ್ತೆ ಹೋದರು. 1907ರಲ್ಲಿ ಅದರ ವ್ಯವಸ್ಥಾಪಕರಾಗಿ ಅಲ್ಲಿಯೇ ವಾಸಕ್ಕೆ ನಿಂತರು. ಬಡವರು ಬಡವರಾಗಿರುವುದು ತಮ್ಮ ತಪ್ಪಿನಿಂದ ಎಂಬ, ತಮ್ಮ ವರ್ಗದಲ್ಲಿ ಸಾಮಾನ್ಯವಾಗಿದ್ದ ನಂಬಿಕೆ ಕೇರಿಯ ದಿನಗಳಲ್ಲಿ ಕರಗಿಹೋಯಿತು. ಮೊದಲು ಸಂಪ್ರದಾಯವಾದಿಯಾಗಿದ್ದ ಈ ತರುಣ 1908ರಲ್ಲಿ ಕಾರ್ಮಿಕ ಚಳವಳಿ ಸೇರಿದರು. 1910ರಲ್ಲಿ ಸ್ವಲ್ಪ ಕಾಲ ಟಾಯ್ನ್‌ಬಿ ಹಾಲ್‌ನ ಕಾರ್ಯದರ್ಶಿಯೂ ಆಗಿದ್ದರು. ಸಮಾಜಸೇವಕನಾದವನು ಚಳವಳಿಗಾರನೂ ಆಗಬೇಕಾಗುತ್ತದೆ ಎಂದು 1920ರ ತಮ್ಮ ಪುಸ್ತಕದಲ್ಲಿ ವಾದಿಸಿದರು. 1948ರ ಜುಲೈ 5ರಂದು, ಹಣವಿರಲಿ ಇಲ್ಲದಿರಲಿ ಎಲ್ಲರಿಗೂ ಚಿಕಿತ್ಸೆ ಎಂಬ ರಾಷ್ಟ್ರೀಯ ಆರೋಗ್ಯ ಸೇವೆ ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದು ಅವರ ಸರ್ಕಾರದಿಂದ. ಟಾಯ್ನ್‌ಬಿ ಕೇಳಿದ್ದ ‘ದಾನವಲ್ಲದ ನ್ಯಾಯ’ ಅಷ್ಟರಮಟ್ಟಿಗೆ ಶಾಸನವಾಗಿತ್ತು.

ಭಾರತಕ್ಕೂ ಈ ಪರಂಪರೆಯ ಒಂದು ಎಳೆ ಬಂದಿದೆ. ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್ಸ್‌ಹಾರ್ಟ್ 1920ರ ದಶಕದಲ್ಲಿ ಮುಂಬಯಿಯ ನಾಗಪಾಡಾದಲ್ಲಿ ಇದೇ ಮಾದರಿಯ ಕೇಂದ್ರ ನಡೆಸಿದರು. ಅವರನ್ನೇ ನಿರ್ದೇಶಕರಾಗಿಸಿ 1936ರಲ್ಲಿ ಆರಂಭವಾದ ಸಮಾಜಕಾರ್ಯ ಶಾಲೆಯೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತ ಬಂದಿದೆ. ಇಂತಹ ಶಾಲೆಗಳ ವಿದ್ಯಾರ್ಥಿಗಳು ಕಡ್ಡಾಯವಾಗಿ ಮಾಡುವ ‘ಕ್ಷೇತ್ರಕಾರ್ಯ’ದಲ್ಲಿ ಬಾರ್ನೆಟ್ ಅವರ ವಿಚಾರವೇ ಉಸಿರಾಡುತ್ತಿದೆ. 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಓದುವ ಹುಡುಗರನ್ನು ಹಳ್ಳಿಗೆ ಕರೆದೊಯ್ದವು. ಆದರೆ ಪದವಿ ಕೈಗೆ ಬಂದ ಮೇಲೆ ಆ ಹಳ್ಳಿಯ ದಾರಿ ಅನೇಕರಿಗೆ ಮರೆತುಹೋಗುತ್ತದೆ.

ಟಾಯ್ನ್‌ಬಿ ಹಾಲ್ ಅದೇ ವೈಟ್‌ಚಾಪೆಲ್‌ನಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಯಹೂದಿಗಳಿದ್ದ ಬೀದಿಗಳಲ್ಲಿ ಈಗ ಬಂಗಾಳಿ ಮಾತು ಕೇಳುತ್ತದೆ. ಸಾಲ, ಬಾಡಿಗೆ, ಕಾನೂನಿನ ತೊಡಕುಗಳಿಗೆ ಸಲಹೆ ಬೇಡಿ ಜನ ಇನ್ನೂ ಬರುತ್ತಾರೆ. ಬಡತನ ಅಳಿಯಲಿಲ್ಲ ಎನ್ನುವುದು ಈ ಚಳವಳಿಯ ಮಿತಿ. ಸೇವೆಗೆಂದು ಹೋದವರು ತಾವು ಕಂಡದ್ದನ್ನು ಮರೆಯದೆ, ಅಧಿಕಾರ ಕೈಗೆ ಬಂದಾಗ ಅದನ್ನು ಕಾನೂನಾಗಿಸಿದ್ದು ಅದರ ಸಾರ್ಥಕತೆ. ಹಳೆಯ ವಿದ್ಯಾರ್ಥಿಗಳ ಸಂಘವೊಂದು ಸೇವಾಕಾರ್ಯದ ಪಟ್ಟಿ ಮಾಡುವಾಗ ಎಷ್ಟು ಹಂಚಿದೆವು ಎಂಬುದರ ಜೊತೆಗೆ ಅಲ್ಲಿ ಏನು ಕಲಿತೆವು ಎಂಬುದನ್ನೂ ಬರೆದಿಟ್ಟರೆ ಒಳಿತು. ದಾನದ ಲೆಕ್ಕ ವರ್ಷದ ವರದಿಯಲ್ಲಿ ಮುಗಿಯುತ್ತದೆ. ನ್ಯಾಯದ ಕೆಲಸ ಆಮೇಲೆಯೇ ಶುರುವಾಗುತ್ತದೆ.