ಸಂತೋಷ್ ಟ್ರೋಫಿ: ರಾಜ್ಯದ ಅಂಗಿ ತೊಟ್ಟ ಹವ್ಯಾಸಿಗಳ ಕಥೆ

‘ಸಂತೋಷ್ ಟ್ರೋಫಿ’ ಎಂದೊಡನೆ ಕನ್ನಡಿಗರಿಗೆ ಮೊದಲು ಹೊಳೆಯುವುದು ಹರ್ಷ, ಆನಂದ ಎಂಬ ಅರ್ಥವೇ. ಗೆದ್ದವರಿಗೆ ಸಂತೋಷ ತರುವ ಬಹುಮಾನವಾದ್ದರಿಂದ ಆ ಹೆಸರು ಬಂದಿರಬೇಕು ಎಂದು ಯಾರಾದರೂ ಊಹಿಸಿದರೆ ಅದು ಸಹಜವೇ. ಆದರೆ ಸಂತೋಷ್ ಎಂಬುದು ಒಂದು ಊರು. ಪೂರ್ವ ಬಂಗಾಳದ ಟಾಂಗೈಲ್ ಬಳಿಯ ಈ ಊರು 1947ರಲ್ಲಿ ದೇಶ ವಿಭಜನೆಯಾದಾಗ ಪಾಕಿಸ್ತಾನದ ಪಾಲಾಯಿತು, 1971ರಿಂದ ಬಾಂಗ್ಲಾದೇಶದಲ್ಲಿದೆ. ಭಾರತದ ರಾಜ್ಯಗಳು ರಾಷ್ಟ್ರೀಯ ಫುಟ್‌ಬಾಲ್ ಪಟ್ಟಕ್ಕಾಗಿ ಸೆಣಸುವ ಟ್ರೋಫಿಯ ಮೇಲಿರುವುದು ಗಡಿಯಾಚೆಯ ಆ ಊರಿನ ಹೆಸರು.

2023ರ ಮಾರ್ಚ್ 4ರಂದು ಕರ್ನಾಟಕ ಈ ಟ್ರೋಫಿಯನ್ನು ಗೆದ್ದಿತು. ಅದಕ್ಕೂ ಹಿಂದೆ ಗೆದ್ದದ್ದು 1968-69ರಲ್ಲಿ. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿತ್ತು. 54 ವರ್ಷಗಳ ಈ ಅಂತರದಲ್ಲಿ ಬದಲಾದದ್ದು ರಾಜ್ಯದ ಹೆಸರೊಂದೇ ಅಲ್ಲ; ಟ್ರೋಫಿಯ ಸ್ಥಾನಮಾನವೂ ಬದಲಾಗಿತ್ತು. ಒಂದು ಕಾಲಕ್ಕೆ ದೇಶದ ಅತ್ಯುತ್ತಮ ಆಟಗಾರರೆಲ್ಲ ಆಡುತ್ತಿದ್ದ ಪಂದ್ಯಾವಳಿ, ಈಗ ಬಹುಮಟ್ಟಿಗೆ ದೊಡ್ಡ ಕ್ಲಬ್‌ಗಳಲ್ಲಿ ಇಲ್ಲದವರ ಪಂದ್ಯಾವಳಿಯಾಗಿದೆ. ಹಾಗಿದ್ದರೆ ಈ ಗೆಲುವಿಗೆ ಬೆಲೆ ಎಷ್ಟು? ಉತ್ತರ ಬೇಕಾದರೆ ಟ್ರೋಫಿಯ ಕಥೆಯನ್ನು ಮೊದಲಿನಿಂದ ಓದಬೇಕು.

ರಾಜರ ನೆನಪಿಗೆ

ಭಾರತದಲ್ಲಿ ಫುಟ್‌ಬಾಲ್ ಪಂದ್ಯಾವಳಿಗಳು ಹುಟ್ಟಿದ್ದು ಬ್ರಿಟಿಷ್ ಸೈನ್ಯದ ನೆರಳಿನಲ್ಲಿ. ಸಿಮ್ಲಾದಲ್ಲಿ 1888ರಲ್ಲಿ ಡ್ಯೂರಾಂಡ್ ಕಪ್, ಮುಂಬೈಯಲ್ಲಿ 1891ರಲ್ಲಿ ರೋವರ್ಸ್ ಕಪ್, ಕಲ್ಕತ್ತೆಯಲ್ಲಿ 1893ರಲ್ಲಿ ಐಎಫ್ಎ ಶೀಲ್ಡ್ ಆರಂಭವಾದವು. ಇವೆಲ್ಲ ಪಲ್ಟನ್‌ಗಳ ಮತ್ತು ಕ್ಲಬ್‌ಗಳ ಪಂದ್ಯಾವಳಿಗಳು. ಪ್ರಾಂತಗಳ ನಡುವೆ ಸ್ಪರ್ಧೆ ಎಂಬುದು ಆಗ ಇರಲಿಲ್ಲ. ಕ್ರಿಕೆಟ್‌ಗೆ 1934-35ರಲ್ಲಿ ರಣಜಿ ಟ್ರೋಫಿ ದೊರಕಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 1937ರಲ್ಲಿ ಹುಟ್ಟಿತಾದರೂ ಅದರ ಕೈಯಲ್ಲಿ ರಾಷ್ಟ್ರೀಯ ಪಂದ್ಯಾವಳಿ ಎಂಬುದಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಬಂಗಾಳದ ಫುಟ್‌ಬಾಲ್ ಸಂಸ್ಥೆಯಾದ ಐಎಫ್ಎ. ಸಂತೋಷ್ ಜಮೀನುದಾರಿಯ ಒಡೆಯರಾದ ಸರ್ ಮನ್ಮಥನಾಥ ರಾಯ್ ಚೌಧುರಿ ಆ ಸಂಸ್ಥೆಯ ಅಧ್ಯಕ್ಷರಾಗಿದ್ದವರು. ರಾಜಕೀಯದಲ್ಲೂ ಹೆಸರಿದ್ದ ಇವರು ಬಂಗಾಳ ವಿಧಾನ ಪರಿಷತ್ತಿನ ಅಧ್ಯಕ್ಷ ಪೀಠದಲ್ಲೂ ಕುಳಿತಿದ್ದರು. 1939ರಲ್ಲಿ ಅವರು ತೀರಿಕೊಂಡ ಮೇಲೆ ಅವರ ನೆನಪಿಗಾಗಿ ಐಎಫ್ಎ ಟ್ರೋಫಿಯೊಂದನ್ನು ಕೊಟ್ಟಿತು. 1941ರಲ್ಲಿ ನಡೆದ ಮೊದಲ ಪಂದ್ಯಾವಳಿಯಲ್ಲಿ ಬಂಗಾಳ ತಂಡ ದೆಹಲಿಯನ್ನು 5-1ರಿಂದ ಸೋಲಿಸಿತು. ಮಹಾಯುದ್ಧದ ದಿನಗಳಲ್ಲಿ ಆಟ ನಿಂತಿತು. 1944ರಲ್ಲಿ ಮತ್ತೆ ಶುರುವಾದಾಗ ದೆಹಲಿ 2-0ಯಿಂದ ಸೇಡು ತೀರಿಸಿಕೊಂಡಿತು.

ಎರಡನೆಯ ಸ್ಥಾನದವರಿಗೆ ಕೊಡುವುದು ಕಮಲಾ ಗುಪ್ತ ಟ್ರೋಫಿ. ಐಎಫ್ಎ ಅಧ್ಯಕ್ಷರಾಗಿದ್ದ ಡಾ. ಎಸ್.ಕೆ. ಗುಪ್ತ ತಮ್ಮ ಪತ್ನಿಯ ಹೆಸರಿನಲ್ಲಿ ಕೊಟ್ಟದ್ದು ಅದು. ಮೂರನೆಯ ಸ್ಥಾನಕ್ಕೆಂದು ಇಟ್ಟ ಕಪ್‌ನ ಹೆಸರು ನಮಗೆ ಹತ್ತಿರದ್ದು: ಸಂಪಂಗಿ ಕಪ್. ಬೆಂಗಳೂರಿನವರಿಗೆ ಸಂಪಂಗಿ ಎಂದರೆ ಕೆರೆ ನೆನಪಾಗಬಹುದು. ಇದು ಕೆರೆಯಲ್ಲ, ಆಟಗಾರ. ಮೈಸೂರಿನ ಹೆಸರಾಂತ ಆಟಗಾರ ಸಂಪಂಗಿಯವರ ಸ್ಮರಣೆಗಾಗಿ ಮೈಸೂರು ಫುಟ್‌ಬಾಲ್ ಸಂಸ್ಥೆ 1952ರಲ್ಲಿ ಈ ಕಪ್ಪನ್ನು ನೀಡಿತು. ಮೊದಲನೆಯದು ರಾಜರ ಹೆಸರಿನಲ್ಲಿ, ಎರಡನೆಯದು ಅಧ್ಯಕ್ಷರ ಪತ್ನಿಯ ಹೆಸರಿನಲ್ಲಿ ಇರುವಾಗ, ಮೂರನೆಯದಾದರೂ ಮೈದಾನದಲ್ಲಿ ಬೆವರು ಸುರಿಸಿದವನ ಹೆಸರಿನಲ್ಲಿರಲಿ ಎಂದು ಮೈಸೂರಿನವರಿಗೆ ಅನ್ನಿಸಿತೇನೋ!

ಮೈಸೂರಿನ ಸುಗ್ಗಿ

ಬೆಂಗಳೂರಿನ ಫುಟ್‌ಬಾಲ್ ದಂಡು ಪ್ರದೇಶದ ಕೂಸು. ಗೋರಾ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಗೌತಮಪುರಗಳ ಹುಡುಗರು ನೋಡಿ ಕಲಿತರು, ಬರಿಗಾಲಿನಲ್ಲೇ ಆಡಿ ಗೆದ್ದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಪಲ್ಟನ್‌ಗಳದ್ದೇ ಕಾರುಬಾರಾಗಿದ್ದ ಆ ಕಪ್ ಭಾರತೀಯ ಕ್ಲಬ್ಬೊಂದರ ಕೈಗೆ ಬಂದದ್ದು ಅದೇ ಮೊದಲು. ಮರುವರ್ಷವೂ ಅದೇ ತಂಡ ಗೆದ್ದಿತು. ಗೌತಮಪುರದಲ್ಲಿ ಇಂದಿಗೂ ಬ್ರೆಜಿಲ್‌ನ ಪೆಲೆಯ ಪ್ರತಿಮೆ ನಿಂತಿರುವುದಕ್ಕೆ ಹಿನ್ನೆಲೆ ಈ ಪರಂಪರೆಯೇ.

ಹೀಗಾಗಿ ಸಂತೋಷ್ ಟ್ರೋಫಿಯಲ್ಲಿ ಬಂಗಾಳಕ್ಕೆ ಎದುರಾಳಿಯಾಗಿ ಮೈಸೂರು ಎದ್ದು ನಿಂತದ್ದು ಆಕಸ್ಮಿಕವಲ್ಲ. 1946ರಲ್ಲಿ ಬೆಂಗಳೂರಿನಲ್ಲಿ ನಡೆದ ಫೈನಲ್‌ನಲ್ಲಿ ಮೈಸೂರು 2-1ರಿಂದ ಗೆದ್ದಿತು. 1952ರಲ್ಲಿ, ಮತ್ತೆ ಬೆಂಗಳೂರಿನಲ್ಲಿಯೇ, 1-0. 1967-68ರಲ್ಲಿ ಕಟಕ್‌ನಲ್ಲಿ 1-0. 1968-69ರಲ್ಲಿ ತವರಿನಲ್ಲಿ ಇನ್ನೊಮ್ಮೆ 1-0. ನಾಲ್ಕು ಫೈನಲ್‌ಗಳಲ್ಲೂ ಸೋತದ್ದು ಬಂಗಾಳವೇ ಎಂಬುದು ಗಮನಾರ್ಹ. ದೇಶದಲ್ಲಿ ಅತಿ ಹೆಚ್ಚು ಬಾರಿ ಈ ಟ್ರೋಫಿ ಗೆದ್ದ ತಂಡವನ್ನು ಸೋಲಿಸದೆ ಮೈಸೂರು ಒಮ್ಮೆಯೂ ಗೆದ್ದದ್ದಿಲ್ಲ! ಬಂಗಾಳವೂ ಸುಮ್ಮನಿರಲಿಲ್ಲ. 1953, 1955 ಮತ್ತು 1962ರ ಫೈನಲ್‌ಗಳಲ್ಲಿ ಅದು ಮೈಸೂರನ್ನು ಮಣಿಸಿತು.

ಈ ಪೈಪೋಟಿಯಲ್ಲಿ ಒಂದು ವಿಚಿತ್ರವೂ ಇತ್ತು. ಬೆಂಗಳೂರಿನ ಪ್ರತಿಭೆಗಳ ಮೇಲೆ ಕಲ್ಕತ್ತೆಯ ಕ್ಲಬ್‌ಗಳ ಕಣ್ಣು ಸದಾ ಇರುತ್ತಿತ್ತು. ಕರೆ ಬಂದವರು ರೈಲು ಹತ್ತುತ್ತಿದ್ದರು. ಕಲ್ಕತ್ತೆಯ ಕ್ಲಬ್ ಸೇರಿದವರು ಸಹಜವಾಗಿಯೇ ಬಂಗಾಳ ತಂಡದ ಆಯ್ಕೆಗೆ ಒದಗುತ್ತಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಕ್ಲಬ್‌ನ ಪ್ರಸಿದ್ಧ ಐವರು ಮುನ್ನಡೆ ಆಟಗಾರರ ‘ಪಂಚಪಾಂಡವ’ ಪಡೆಯಲ್ಲಿ ಒಬ್ಬರಾದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತ ಭಾರತದ ಏಕೈಕ ಗೋಲು ಮೈಸೂರಿನ ಸಾರಂಗಪಾಣಿ ರಾಮನ್ ಅವರದು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಎದುರು 1-10ರ ಹೀನಾಯ ಸೋಲಿನಲ್ಲಿ ಮಾನ ಉಳಿಸಿದ ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತ ಹೊಡೆದ ಎರಡೇ ಎರಡು ಗೋಲುಗಳಿಗೂ ನಮ್ಮ ನೆಲದ ನಂಟು ಇತ್ತು.

ಹವ್ಯಾಸಿ ಎಂದರೆ ಯಾರು?

ನಾಟಕದಲ್ಲಿ ಹವ್ಯಾಸಿ ರಂಗಭೂಮಿ, ವೃತ್ತಿ ರಂಗಭೂಮಿ ಎಂಬ ಭೇದ ನಮಗೆ ಗೊತ್ತು. ಕಂಪೆನಿ ನಾಟಕದ ನಟನಿಗೆ ಬಣ್ಣವೇ ಅನ್ನ. ಹವ್ಯಾಸಿ ನಟ ಹಗಲು ಕಚೇರಿಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುತ್ತಾನೆ. ಸಂತೋಷ್ ಟ್ರೋಫಿಯ ಆಟಗಾರ ಈ ಎರಡನೆಯ ಜಾತಿಗೆ ಸೇರಿದವನು. ಆದರೆ ಫುಟ್‌ಬಾಲ್‌ನಲ್ಲಿ ಒಂದು ವ್ಯತ್ಯಾಸವಿತ್ತು. ಇಲ್ಲಿ ಕಚೇರಿ ಕೆಲಸ ಸಿಕ್ಕಿದ್ದೇ ಆಟದಿಂದ.

ರೈಲ್ವೆ, ಸೈನ್ಯ, ಪೊಲೀಸ್, ಬ್ಯಾಂಕ್, ಸಾರ್ವಜನಿಕ ಉದ್ಯಮಗಳು ಆಟಗಾರರಿಗೆ ನೌಕರಿ ಕೊಟ್ಟವು. ಬೆಂಗಳೂರಿನಲ್ಲಿ ಐಟಿಐ, ಎಚ್ಎಎಲ್ ಮೊದಲಾದ ಕಾರ್ಖಾನೆಗಳ ತಂಡಗಳು ಹುಟ್ಟಿದ್ದು ಹೀಗೆ. 1977ರಲ್ಲಿ ಆರಂಭವಾದ ಫೆಡರೇಷನ್ ಕಪ್‌ನ ಮೊದಲ ವಿಜೇತರು ದೂರವಾಣಿ ತಯಾರಿಸುವ ನಮ್ಮ ಐಟಿಐ ಕಾರ್ಖಾನೆಯ ನೌಕರರು. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಮೋಹನ್ ಬಾಗಾನ್‌ನಂಥ ಬಲಾಢ್ಯ ತಂಡವನ್ನು! ಕೇರಳದಲ್ಲಿ ವಿ.ಪಿ. ಸತ್ಯನ್, ಐ.ಎಂ. ವಿಜಯನ್ ಅವರಂಥವರು ಪೊಲೀಸ್ ಸಮವಸ್ತ್ರ ತೊಟ್ಟದ್ದು ಕಾಲ್ಚಳಕದಿಂದ. ಸಂತೋಷ್ ಟ್ರೋಫಿಯಲ್ಲಿ ರೈಲ್ವೆ ಮತ್ತು ಸರ್ವಿಸಸ್ ತಂಡಗಳು ರಾಜ್ಯಗಳ ಸಮಕ್ಕೆ ಆಡಿದ್ದಕ್ಕೂ ಕಾರಣ ಇದೇ. ಸರ್ವಿಸಸ್ 1960ರಲ್ಲಿ, ರೈಲ್ವೆ 1961ರಲ್ಲಿ ಮೊದಲ ಬಾರಿಗೆ ಟ್ರೋಫಿ ಗೆದ್ದವು.

ರಾಜ್ಯ ತಂಡಕ್ಕೆ ಆಯ್ಕೆಯಾದರೆ ಹೆಸರು, ಹೆಸರು ಬಂದರೆ ಕೆಲಸ, ಕೆಲಸ ಸಿಕ್ಕರೆ ಮನೆಗೆ ನೆಲೆ. ಬಡ ಮನೆಗಳಿಂದ ಬಂದ ನೂರಾರು ಹುಡುಗರಿಗೆ ಇದೊಂದು ಏಣಿಯಾಗಿತ್ತು. ಈ ಟ್ರೋಫಿಯ ಇತಿಹಾಸವನ್ನು ಗೋಲುಗಳ ಲೆಕ್ಕದಲ್ಲಿ ಮಾತ್ರ ಬರೆದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ.

ಏರು ಮತ್ತು ಇಳಿತ

ಎಪ್ಪತ್ತರ ದಶಕದಲ್ಲಿ ಪಂದ್ಯಾವಳಿ ತನ್ನ ಉತ್ತುಂಗದಲ್ಲಿತ್ತು. 1973ರಲ್ಲಿ ಎರ್ನಾಕುಲಂನಲ್ಲಿ ನಾಯಕ ಟಿ.ಕೆ.ಎಸ್. ಮಣಿಯವರ ಹ್ಯಾಟ್ರಿಕ್‌ನಿಂದ ಕೇರಳ 3-2ರಲ್ಲಿ ರೈಲ್ವೆಯನ್ನು ಸೋಲಿಸಿ ಮೊದಲ ಬಾರಿಗೆ ಪಟ್ಟವೇರಿತು. ಮರುವರ್ಷ ಜಲಂಧರ್‌ನಲ್ಲಿ ಪಂಜಾಬ್ ಬಂಗಾಳದ ಮೇಲೆ ಆರು ಗೋಲು ಸುರಿಸಿತು. ಆ ಪಂದ್ಯಾವಳಿಯೊಂದರಲ್ಲೇ ಇಂದರ್ ಸಿಂಗ್ 23 ಗೋಲು ಹೊಡೆದರು. 1975-76ರ ಫೈನಲ್‌ನಲ್ಲಿ, ಹೊಸ ಹೆಸರು ಹೊತ್ತ ಕರ್ನಾಟಕ ಬಂಗಾಳಕ್ಕೆ ಸೋತಿತು. ಆಮೇಲೆ 47 ವರ್ಷ ನಮ್ಮ ತಂಡ ಫೈನಲ್ ಮುಖವನ್ನೇ ನೋಡಲಿಲ್ಲ.

ಅಷ್ಟರಲ್ಲಿ ಆಟದ ವ್ಯವಸ್ಥೆಯೇ ಬೇರೆಯಾಯಿತು. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು. 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದವು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಆಟಗಾರ ಈಗ ಗುತ್ತಿಗೆಯ ಮೇಲೆ ಸಂಬಳ ಪಡೆಯುವ ವೃತ್ತಿಪರ. ಲಕ್ಷಗಟ್ಟಲೆ ಹಣ ಕೊಡುವ ಕ್ಲಬ್, ತನ್ನ ಆಟಗಾರ ರಾಜ್ಯದ ಪರವಾಗಿ ಆಡಿ ಕಾಲು ಮುರಿದುಕೊಳ್ಳುವುದನ್ನು ಬಯಸುವುದಿಲ್ಲ. ದೊಡ್ಡ ಹೆಸರುಗಳು ಸಂತೋಷ್ ಟ್ರೋಫಿಯಿಂದ ಮರೆಯಾದವು. ಪ್ರೇಕ್ಷಕರೂ ಪತ್ರಿಕೆಗಳ ಸಾಲುಗಳೂ ಕಡಿಮೆಯಾದವು.

ಇದನ್ನು ಅನ್ಯಾಯವೆಂದು ಹಳಹಳಿಸುವುದು ಸುಲಭ. ಆದರೆ ಕಲ್ಕತ್ತೆ, ಬೆಂಗಳೂರುಗಳಲ್ಲಿ ಬರಿಗಾಲಿನಲ್ಲಿ ಆಡಿ ನಿವೃತ್ತಿಯ ನಂತರ ಕಷ್ಟದಲ್ಲಿ ದಿನ ನೂಕಿದ ಆಟಗಾರರನ್ನು ಕಂಡವರು, ಆಟಕ್ಕೆ ತಕ್ಕ ಸಂಬಳ ಸಿಗುವುದನ್ನು ತಪ್ಪೆನ್ನಲಾರರು. ಲೀಗ್ ಬಂದದ್ದು ತಪ್ಪಲ್ಲ. ಲೀಗ್‌ನ ಬಾಗಿಲು ತೆರೆಯದವರು ಎಲ್ಲಿಗೆ ಹೋಗಬೇಕು ಎಂಬುದೇ ಪ್ರಶ್ನೆ.

ರಿಯಾದ್‌ನ ರಾತ್ರಿ

2022ರ ಏಪ್ರಿಲ್‌ನಲ್ಲಿ ಕೇರಳದ ಮಂಜೇರಿಯಲ್ಲಿ ಕರ್ನಾಟಕ ಸೆಮಿಫೈನಲ್ ಆಡಿತು. ಮೊದಲ ಗೋಲು ನಮ್ಮದೇ. ಆಮೇಲೆ ಬದಲಿ ಆಟಗಾರನಾಗಿ ಬಂದ ಕೇರಳದ ಜೆಸಿನ್ ಒಬ್ಬರೇ ಐದು ಗೋಲು ಹೊಡೆದರು. ಫಲಿತಾಂಶ 3-7. ಇಂಥ ಸೋಲಿನ ನಂತರ ತಂಡ ಚೇತರಿಸಿಕೊಳ್ಳುವುದು ಸುಲಭವಲ್ಲ.

ಒಂದು ವರ್ಷ ತುಂಬುವ ಮೊದಲೇ ಕರ್ನಾಟಕ ಮತ್ತೆ ಸೆಮಿಫೈನಲ್‌ನಲ್ಲಿತ್ತು. ಪಂದ್ಯಾವಳಿಯ ಕೊನೆಯ ಹಂತವನ್ನು ಆ ಬಾರಿ ಮೊದಲ ಸಲ ವಿದೇಶದಲ್ಲಿ, ಸೌದಿ ಅರೇಬಿಯದ ರಿಯಾದ್‌ನಲ್ಲಿ ನಡೆಸಲಾಯಿತು. ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿದ ಕರ್ನಾಟಕಕ್ಕೆ ಫೈನಲ್‌ನಲ್ಲಿ ಎದುರಾದದ್ದು, ಮೊದಲ ಬಾರಿಗೆ ಅಲ್ಲಿಗೆ ತಲುಪಿದ ಮೇಘಾಲಯ. ಸುನಿಲ್ ಕುಮಾರ್ ಆರಂಭದಲ್ಲೇ ಮುನ್ನಡೆ ತಂದರು. ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಬೇಕಿ ಓರಂ ಎರಡನೆಯದನ್ನೂ, ವಿರಾಮಕ್ಕೆ ಮುನ್ನ ರಾಬಿನ್ ಯಾದವ್ ಫ್ರೀಕಿಕ್‌ನಲ್ಲಿ ಮೂರನೆಯದನ್ನೂ ಹೊಡೆದರು. ದ್ವಿತೀಯಾರ್ಧದಲ್ಲಿ ಮೇಘಾಲಯ ಇನ್ನೊಂದು ಗೋಲು ತೀರಿಸಿದರೂ 3-2 ಹಾಗೆಯೇ ಉಳಿಯಿತು. ಗೆದ್ದು ಕುಣಿದ ಹುಡುಗರಲ್ಲಿ ಒಬ್ಬರೂ ಹಿಂದಿನ ಗೆಲುವಿನ ಹೊತ್ತಿಗೆ ಹುಟ್ಟಿರಲಿಲ್ಲ.

ಈಗ ಆರಂಭದ ಪ್ರಶ್ನೆಗೆ ಬರೋಣ. ಬೆಲೆ ಎಷ್ಟು? 2024ರ ಡಿಸೆಂಬರ್ 31ರಂದು ಹೈದರಾಬಾದ್‌ನಲ್ಲಿ ರೋಬಿ ಹಂಸ್ಡಾ ಕೊನೆಯ ಕ್ಷಣಗಳಲ್ಲಿ ಹೊಡೆದ ಗೋಲಿನಿಂದ ಕೇರಳವನ್ನು ಸೋಲಿಸಿ ಬಂಗಾಳ 33ನೆಯ ಬಾರಿಗೆ ಟ್ರೋಫಿ ಗೆದ್ದಿತು. ಬೆನ್ನಲ್ಲೇ ಆ ರಾಜ್ಯದ ಸರ್ಕಾರ ಆಟಗಾರರಿಗೆ ಉದ್ಯೋಗ ಘೋಷಿಸಿತು. ಮಂಕಾಗಿದೆ ಎನ್ನುವ ಟ್ರೋಫಿ ಅಂದು ತನ್ನ ಹಳೆಯ ಕೆಲಸವನ್ನೇ ಮಾಡಿತು.

ಕಾರ್ಖಾನೆ ತಂಡಗಳ ವೈಭವ ಹಿಂದಿನಂತೆ ಉಳಿದಿಲ್ಲದ ಈ ದಿನಗಳಲ್ಲಿ ಲೀಗ್‌ನ ಗುತ್ತಿಗೆ ಸಿಗುವುದು ಕೆಲವರಿಗೆ ಮಾತ್ರ. ಉಳಿದವರಿಗೆ ತಮ್ಮ ಆಟವನ್ನು ದೇಶದ ಮುಂದಿಡಲು, ನೌಕರಿಯ ಬಾಗಿಲು ತಟ್ಟಲು ಇರುವ ಹಳೆಯ ದಾರಿ ಇದು. ಕರ್ನಾಟಕದ ಗೆಲುವಿನ ಬೆಲೆಯನ್ನು ಅಳೆಯಬೇಕಾದದ್ದು ಅದೇ ತಕ್ಕಡಿಯಲ್ಲಿ. ಟ್ರೋಫಿ ಗೆದ್ದ ದಿನ ಹೂಮಾಲೆ ಹಾಕುವುದು ಕಷ್ಟವಲ್ಲ. ಮಾಲೆ ಬಾಡಿದ ಮೇಲೆ ಆ ಹುಡುಗನಿಗೆ ತಿಂಗಳ ಸಂಬಳ ಸಿಗುತ್ತದೆಯೇ ಎಂದು ಕೇಳುವವರು ಬೇಕು. ಸಿಕ್ಕರೆ ಮಾತ್ರ, ಊರೊಂದರಿಂದ ಬಂದ ಆ ಹೆಸರು ಕನ್ನಡದಲ್ಲಿ ನಮಗೆ ಹೊಳೆಯುವ ಅರ್ಥದಲ್ಲೂ ನಿಜವಾದೀತು.